ಗಾಳಿ ಕೊಂದದ್ದೋ, ಯುವಿ ಕೊಂದದ್ದೋ?

ಪ್ರಶ್ನೆ: ನಾನು ಬದಿಯಡ್ಕದ ಕಡೆಯವಳು. ಎಂಎಸ್ಸಿ ಮೈಕ್ರೋಬಯಾಲಜಿ ಕೊನೆಯ ವರ್ಷದಲ್ಲಿದ್ದೇನೆ. ಗೇರುಹಣ್ಣಿನ ರಸದಿಂದ ಬ್ಯುಟನಾಲ್ (ಇಂಧನವಾಗಿಯೂ ಬಳಸಬಹುದಾದ ಒಂದು ಆಲ್ಕೊಹಾಲ್) ಮಾಡುವುದು ನಮ್ಮ ಪ್ರಾಜೆಕ್ಟ್. ಹೊಳೆ ಬದಿಯಲ್ಲಿ ತೆಂಗಿನ ಸಿಪ್ಪೆ ಕೊಳೆಹಾಕುವ ಜಾಗದ ಕೆಸರಿನಿಂದ ಕ್ಲಾಸ್ಟ್ರಿಡಿಯಂ ಅನ್ನುವ, ಗಾಳಿ ಒಲ್ಲದ ಒಂದು ಬ್ಯಾಕ್ಟೀರಿಯಾ ಬೇರ್ಪಡಿಸಿದ್ದೇವೆ. ಅದು ಸ್ವಲ್ಪ ಬ್ಯುಟನಾಲ್ ಮಾಡುತ್ತದೆ. ಇನ್ನೂ ಜಾಸ್ತಿ ಮಾಡುವ ಮ್ಯುಟೆಂಟ್, ಅಂದರೆ ಡಿಎನ್‌ಎ ಬದಲಾದ ತಳಿ, ಬೇಕು. ಲ್ಯಾಮಿನಾರ್ ಒಳಗೆ ಪ್ಲೇಟಿನ ಮೇಲೆ ಹರಡಿ, ಮುಚ್ಚಳ ತೆಗೆದು ಯುವಿ ಹಾಕಿ, ಮತ್ತೆ ಆಮ್ಲಜನಕ ಇಲ್ಲದ ಅನೆರೋಬಿಕ್ ಜಾರ್‌ನಲ್ಲಿ ಇಟ್ಟೆವು. ಎಷ್ಟು ಕಡಿಮೆ ಹೊತ್ತು ಯುವಿ ಹಾಕಿದರೂ ಹೆಚ್ಚುಕಡಿಮೆ ಎಲ್ಲ ಸಾಯುತ್ತವೆ. ಉಳಿದ ಕೆಲವು ಕಾಲನಿಗಳು ಚೆನ್ನಾಗಿ ಬೆಳೆದವು, ಆದರೆ ಬ್ಯುಟನಾಲ್ ಮಾಡುವುದಿಲ್ಲ. ಮ್ಯುಟೇಶನ್ ಆಗಿದೆಯಾ ನೋಡಲು ಸ್ಟ್ರೆಪ್ಟೊಮೈಸಿನ್ ಅನ್ನುವ ಆಂಟಿಬಯಾಟಿಕ್ ಇರುವ ಪ್ಲೇಟಿಗೆ ಹಾಕಿದೆವು. ಯುವಿ ಹಾಕದ ಕಲ್ಚರ್ ಕೂಡ ಪ್ಲೇಟ್ ತುಂಬ ಬೆಳೆಯಿತು. ಏನೂ ಅರ್ಥವಾಗುತ್ತಿಲ್ಲ. ಯುವಿ ಬಿಟ್ಟು, ಡಿಎನ್‌ಎ ಬದಲಿಸುವ ರಾಸಾಯನಿಕಗಳಾದ ಇಎಂಎಸ್ ಅಥವಾ ಎನ್‌ಟಿಜಿ ಬಳಸಬಹುದಾ? ಬೇಕಾದ ಜೀನನ್ನೇ ತಿದ್ದುವ ಕ್ರಿಸ್ಪರ್ ಮಾಡುವುದೇ ಒಳ್ಳೆಯದು ಅಂತ ಗೆಳತಿಯರು ಹೇಳುತ್ತಾರೆ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಒಗಟುಗಳಿವೆ. ಯುವಿಗೆ ಎಲ್ಲ ಸಾಯುತ್ತವೆ. ಉಳಿದವು ಬ್ಯುಟನಾಲ್ ಮಾಡುವುದಿಲ್ಲ. ಸ್ಟ್ರೆಪ್ಟೊಮೈಸಿನ್‌ಗೆ ಯಾವುದೂ ಸಾಯುವುದಿಲ್ಲ. ಮೂರಕ್ಕೂ ಕಾರಣ ಮ್ಯುಟೇಶನ್ ಅಲ್ಲ ಅಂತ ನನಗನಿಸುತ್ತದೆ. ಆಮ್ಲಜನಕ ಇಲ್ಲದೆ ಬದುಕುವ ಜೀವಿಗಳಲ್ಲಿ ಡಿಎನ್‌ಎ ಕೆಡಿಸುವುದು ಸುಲಭದ ಕೆಲಸ. ಕೆಡಿಸುವಾಗ ಅವುಗಳನ್ನು ಗಾಳಿಯಿಂದ ಕಾಯುವುದು, ಆಮೇಲೆ ಬೇಕಾದ ಮ್ಯುಟೆಂಟ್ ಅನ್ನು ಹಿಡಿಯುವುದು, ಇವೆರಡೇ ಕಷ್ಟ. ನಿಮ್ಮ ಶ್ರಮ ಹೋಗಬೇಕಾದದ್ದು ಅಲ್ಲಿಗೆ.

ಮೊದಲು ಸಾವಿನ ಲೆಕ್ಕ. ಲ್ಯಾಮಿನಾರ್ ಅನ್ನುವುದು ಪ್ಲೇಟಿನ ಮೇಲೆ ಶುದ್ಧ ಗಾಳಿ ಊದುವ ಯಂತ್ರ. ಬ್ಯಾಸಿಲಸ್‌ಗೋ ಇ. ಕೋಲಿಗೋ, ಗಾಳಿಯಲ್ಲೂ ಬೆಳೆಯುವ ಬ್ಯಾಕ್ಟೀರಿಯಾಗಳಿಗೆ, ಅದರಿಂದ ತೊಂದರೆ ಇಲ್ಲ. ನಿಮ್ಮ ಜೀವಿಗೆ ಮಾತ್ರ ಆ ಶುದ್ಧ ಗಾಳಿಯೇ ವಿಷ. ಕ್ಲಾಸ್ಟ್ರಿಡಿಯಂ ಮೀಥೇನ್ ಮಾಡುವ ಜೀವಿಗಳಷ್ಟು ಸೂಕ್ಷ್ಮವಲ್ಲ, ನಿಜ. ದ್ರವದಲ್ಲಿ ದಟ್ಟವಾಗಿ ಇದ್ದಾಗ ಸ್ವಲ್ಪ ಹೊತ್ತಿನ ಗಾಳಿಯನ್ನು ತಡೆದುಕೊಳ್ಳುತ್ತದೆ. ಅಗರ್ ಮೇಲೆ ತೆಳುವಾಗಿ ಹರಡಿ ಒಂಟಿಯಾಗಿ ಬಿದ್ದ ಕೋಶಕ್ಕೆ ಆ ತಾಕತ್ತು ಇರುವುದಿಲ್ಲ. ಅದರ ಮುಖ್ಯ ಎಂಜೈಮ್‌ಗಳಲ್ಲಿ ಕಬ್ಬಿಣ ಮತ್ತು ಗಂಧಕದ ಗುಚ್ಛಗಳಿವೆ. ಆಮ್ಲಜನಕ ಮುಟ್ಟಿದರೆ ಅವು ಕಳಚಿಕೊಳ್ಳುತ್ತವೆ. ಸಾಲದ್ದಕ್ಕೆ, ಬೆಳಕಿನಲ್ಲಿ ಮತ್ತು ಗಾಳಿಯಲ್ಲಿ ಇಟ್ಟ ಅಗರ್ ಪ್ಲೇಟಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಫಾಸ್ಫೇಟ್ ಮತ್ತು ಅಗರ್ ಒಟ್ಟಿಗೆ ಆಟೊಕ್ಲೇವ್ ಮಾಡಿದರೆ ಇನ್ನೂ ಜಾಸ್ತಿ. ಅದನ್ನು ಒಡೆಯುವ ಕೆಟಲೇಸ್ ಕ್ಲಾಸ್ಟ್ರಿಡಿಯಂಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಹಾಗಾಗಿ ಮುಂದಿನ ವಾರ ಬೇರೆ ಏನೂ ಮಾಡಬೇಡಿ, ಈ ಒಂದು ಪ್ರಯೋಗ ಮಾಡಿ. ಒಂದೇ ಕಲ್ಚರ್‌ನಿಂದ ನಾಲ್ಕು ಬಗೆಯ ಪ್ಲೇಟ್ ಹಾಕಿ. ಮೊದಲನೆಯದನ್ನು ಹರಡಿದ ಕೂಡಲೇ ಜಾರ್‌ಗೆ ಹಾಕಿ. ಎರಡನೆಯದನ್ನು ಲ್ಯಾಮಿನಾರ್‌ನಲ್ಲಿ ಮುಚ್ಚಳ ತೆಗೆದು, ಯುವಿ ಹಚ್ಚದೆ, ನೀವು ಯುವಿ ಕೆಲಸಕ್ಕೆ ತೆಗೆದುಕೊಳ್ಳುವಷ್ಟೇ ಹೊತ್ತು ಇಡಿ. ಮೂರನೆಯದಕ್ಕೆ ಯುವಿ ಹಾಕಿ. ನಾಲ್ಕನೆಯದನ್ನು ಜಾರ್‌ಗೆ ಹಾಕಲೇಬೇಡಿ, ಮಾಮೂಲಿ ಇನ್‌ಕ್ಯುಬೇಟರ್‌ನಲ್ಲಿ ಗಾಳಿಯಲ್ಲೇ ಬೆಳೆಯಲು ಬಿಡಿ. ಒಂದನೆಯದಕ್ಕೂ ಎರಡನೆಯದಕ್ಕೂ ಇರುವ ವ್ಯತ್ಯಾಸ ಗಾಳಿ ಕೊಂದದ್ದು. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ಮಾತ್ರ ಯುವಿ ಕೊಂದದ್ದು. ಗಾಳಿಯ ಸಾವನ್ನು ಯುವಿ ಖಾತೆಗೆ ಬರೆದರೆ ಡೋಸ್ ಲೆಕ್ಕ ಪೂರ್ತಿ ತಪ್ಪುತ್ತದೆ. ಶೇಕಡ 99 ಸತ್ತಿವೆ, ಒಳ್ಳೆಯ ಡೋಸ್ ಸಿಕ್ಕಿತು ಅಂತ ನೀವು ಅಂದುಕೊಂಡಿರುತ್ತೀರಿ. ಡಿಎನ್‌ಎಗೆ ಏನೂ ಆಗಿರುವುದಿಲ್ಲ.

ನಾಲ್ಕನೆಯ ಪ್ಲೇಟ್ ನಿಮ್ಮ ಎರಡನೆಯ ಒಗಟಿಗೆ. ಅದರಲ್ಲಿ ಕಾಲನಿ ಬಂದರೆ ನಿಮ್ಮ ಕಲ್ಚರ್‌ನಲ್ಲಿ ಬ್ಯಾಸಿಲಸ್ ಸೇರಿಕೊಂಡಿದೆ ಅಂತ ಸಂಶಯಪಡಿ. ಕೆಸರಿನ ಮಾದರಿಯನ್ನು 80 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ ಕ್ಲಾಸ್ಟ್ರಿಡಿಯಂ ಆರಿಸುವ ಪದ್ಧತಿ ನಿಮಗೆ ಗೊತ್ತು. ಆ ಬಿಸಿಗೆ ಬ್ಯಾಸಿಲಸ್‌ನ ಬೀಜಕಗಳೂ (ಬಿಸಿ ತಡೆಯುವ ಗಟ್ಟಿ ಸುಪ್ತ ರೂಪ) ಸಾಯುವುದಿಲ್ಲ. ಬ್ಯಾಸಿಲಸ್‌ನ ಹಲವು ಜಾತಿಗಳು ಜಾರ್ ಒಳಗೂ ಹೇಗೋ ಬೆಳೆಯುತ್ತವೆ, ಹೊರಗಂತೂ ಸೊಗಸಾಗಿ ಬೆಳೆಯುತ್ತವೆ. ಗಾಳಿಯಲ್ಲಿ ನಿಮ್ಮ ಕ್ಲಾಸ್ಟ್ರಿಡಿಯಂ ಎಲ್ಲ ಸತ್ತು, ಬೆರಕೆಯಾಗಿದ್ದ ಬ್ಯಾಸಿಲಸ್ ಮಾತ್ರ ಉಳಿದರೆ ಹೇಗಿರುತ್ತದೆ? ನೀವು ಬರೆದ ಹಾಗೆಯೇ: ಕೆಲವೇ ಕಾಲನಿ, ಚೆನ್ನಾಗಿ ಬೆಳೆದದ್ದು, ಬ್ಯುಟನಾಲ್ ಇಲ್ಲ. ಇನ್ನೊಂದು ಪರೀಕ್ಷೆಯೂ ಸುಲಭ. ಪ್ಲೇಟಿನ ಮೇಲೆ 5 ಮೈಕ್ರೋಗ್ರಾಂನ ಮೆಟ್ರೊನಿಡಜೋಲ್ ಡಿಸ್ಕ್ ಇಡಿ. ಆಮ್ಲಜನಕ ಒಲ್ಲದ ಜೀವಿಯಾದರೆ ಸುತ್ತ ಖಾಲಿ ವೃತ್ತ ಬರುತ್ತದೆ. ಬ್ಯಾಸಿಲಸ್ ಡಿಸ್ಕ್‌ನ ಅಂಚಿನವರೆಗೂ ಬೆಳೆಯುತ್ತದೆ.

ಉಳಿದದ್ದು ಕ್ಲಾಸ್ಟ್ರಿಡಿಯಮ್ಮೇ ಅಂತ ಖಾತ್ರಿಯಾದರೂ ಕೂಡಲೇ ಮ್ಯುಟೆಂಟ್ ಅಂತ ಬರೆಯಬೇಡಿ. ಬ್ಯುಟನಾಲ್‌ನಂಥ ದ್ರಾವಕ ಮಾಡುವ ಕ್ಲಾಸ್ಟ್ರಿಡಿಯಂಗಳಿಗೆ ಒಂದು ಹಳೆಯ ರೋಗ ಇದೆ. ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ದಾಟಿಸುತ್ತಾ ಹೋದರೆ ಅವು ಬ್ಯುಟನಾಲ್ ಮಾಡುವುದನ್ನೇ ಬಿಡುತ್ತವೆ. ಕ್ಲಾಸ್ಟ್ರಿಡಿಯಂ ಅಸೆಟೊಬ್ಯುಟಿಲಿಕಂ ಎಟಿಸಿಸಿ 824 ತಳಿಯ ಪೂರ್ತಿ ಜೀನೋಮ್ 2001ರಲ್ಲಿ ಪ್ರಕಟವಾಯಿತು. ಅದರಲ್ಲಿ ಮುಖ್ಯ ಕ್ರೋಮೋಸೋಮ್ ಅಲ್ಲದೆ ಸುಮಾರು 1,92,000 ಬೇಸ್ ಜೋಡಿಗಳ ಒಂದು ದೊಡ್ಡ ಪ್ಲಾಸ್ಮಿಡ್ (ಬಿಡಿಯಾದ ಡಿಎನ್‌ಎ ಉಂಗುರ) ಇದೆ, ಹೆಸರು ಪಿಸೋಲ್1. ಬ್ಯುಟನಾಲ್‌ಗೆ ಬೇಕಾದ ಮುಖ್ಯ ಜೀನ್‌ಗಳು ಇರುವುದು ಅದರ ಮೇಲೆ. ಆ ಪ್ಲಾಸ್ಮಿಡ್ ಕಳೆದುಹೋದರೆ ಕೋಶ ಸಾಯುವುದಿಲ್ಲ, ಆಮ್ಲ ಮಾಡಿಕೊಂಡು ಆರಾಮವಾಗಿ ಬದುಕುತ್ತದೆ. ಬೀಜಕ ಮಾಡುವುದನ್ನೂ ಬಿಡುತ್ತದೆ. ಬೇರೆ ಜಾತಿಗಳಲ್ಲಿ ಈ ಜೀನ್‌ಗಳು ಕ್ರೋಮೋಸೋಮ್‌ನಲ್ಲೇ ಇರಬಹುದು. ಆದರೂ ಈ ಇಳಿತ ಅವುಗಳಲ್ಲೂ ಕಾಣುತ್ತದೆ. ಇದಕ್ಕೆ ಯುವಿಯ ಹಂಗಿಲ್ಲ.

ಹಾಗಾಗದಂತೆ ನೋಡಿಕೊಳ್ಳುವುದು ಕಷ್ಟವಲ್ಲ. ಚೆನ್ನಾಗಿ ಬ್ಯುಟನಾಲ್ ಮಾಡುವ ಕಲ್ಚರ್ ಬೀಜಕ ಕಟ್ಟಿದ ಮೇಲೆ ಅದನ್ನೇ ಮೂಲ ದಾಸ್ತಾನಾಗಿ ಇಟ್ಟುಕೊಳ್ಳಿ. ಪ್ರತಿ ಪ್ರಯೋಗಕ್ಕೂ ಆ ಬೀಜಕಗಳಿಗೆ ಬಿಸಿ ಕೊಟ್ಟು ಹೊಸದಾಗಿ ಎಬ್ಬಿಸಿ. ಹೋದ ವಾರದ ಟ್ಯೂಬಿನಿಂದ ಈ ವಾರದ ಟ್ಯೂಬಿಗೆ ದಾಟಿಸುವ ಅಭ್ಯಾಸ ಬಿಟ್ಟುಬಿಡಿ. ಆದರೆ ಮ್ಯುಟೇಶನ್ ಮಾಡಬೇಕಾದದ್ದು ಬೀಜಕದ ಮೇಲೆ ಅಲ್ಲ, ಅದು ಯುವಿಯನ್ನೂ ರಾಸಾಯನಿಕವನ್ನೂ ಚೆನ್ನಾಗಿ ತಡೆದುಕೊಳ್ಳುತ್ತದೆ. ಚುರುಕಾಗಿ ಬೆಳೆಯುತ್ತಿರುವ ಎಳೆಯ ಕೋಶಗಳೇ ಬೇಕು.

ಮೂರನೆಯ ಒಗಟು ಸ್ಟ್ರೆಪ್ಟೊಮೈಸಿನ್. ಪಠ್ಯಪುಸ್ತಕದ ಉದಾಹರಣೆಗಳೆಲ್ಲ ಇ. ಕೋಲಿಯದ್ದು, ಅದಕ್ಕೇ ಇದರಲ್ಲಿ ತುಂಬ ಮಕ್ಕಳು ಸಿಕ್ಕಿಬೀಳುತ್ತಾರೆ. ಸ್ಟ್ರೆಪ್ಟೊಮೈಸಿನ್, ಕ್ಯಾನಮೈಸಿನ್, ಜೆಂಟಮೈಸಿನ್ ಎಲ್ಲ ಒಂದೇ ಕುಟುಂಬದವು. ಇವು ಕೋಶದ ಒಳಗೆ ಹೋಗಬೇಕಾದರೆ ಉಸಿರಾಟದ ಎಲೆಕ್ಟ್ರಾನ್ ಸರಪಳಿ ನಡೆಯುತ್ತಿರಬೇಕು. ಬರೀ ಹುದುಗುವಿಕೆಯಿಂದ ಬದುಕುವ ಕ್ಲಾಸ್ಟ್ರಿಡಿಯಂನಲ್ಲಿ ಆ ಸರಪಳಿ ಇಲ್ಲ. ಔಷಧ ಒಳಗೇ ಹೋಗುವುದಿಲ್ಲ, ಮತ್ತೆ ಸಾಯುವುದು ಹೇಗೆ? ನಿಮ್ಮ ಪ್ಲೇಟ್ ತುಂಬ ಬೆಳೆದದ್ದು ಮ್ಯುಟೆಂಟ್ ಅಲ್ಲ, ಅದರ ಹುಟ್ಟುಗುಣ. ಕ್ಲೋರಾಂಫೆನಿಕಾಲ್ ಕಡೆಗೂ ಹೋಗಬೇಡಿ. ಅದರ ನೈಟ್ರೋ ಗುಂಪನ್ನು ಕ್ಲಾಸ್ಟ್ರಿಡಿಯಂಗಳು ಅಪಕರ್ಷಿಸಿ ನಿಷ್ಕ್ರಿಯ ಮಾಡಿಬಿಡುತ್ತವೆ. ಅದಕ್ಕೇ ಈ ಕ್ಷೇತ್ರದವರು ಥಯಾಂಫೆನಿಕಾಲ್ ಬಳಸುತ್ತಾರೆ. ನಿಮಗೆ ಬೇಕಾದದ್ದು ರಿಫಾಂಪಿಸಿನ್. ಆರ್‌ಎನ್‌ಎ ಪಾಲಿಮರೇಸ್‌ನ ಒಂದು ಜೀನ್‌ನಲ್ಲಿ ಒಂದೇ ಅಕ್ಷರ ಬದಲಾದರೂ ನಿರೋಧಕತೆ ಬರುತ್ತದೆ. ತಾನಾಗಿಯೇ ಬರುವುದು ಸಾಮಾನ್ಯವಾಗಿ ಹತ್ತು ಕೋಟಿ ಕೋಶಕ್ಕೆ ಒಂದರ ಆಸುಪಾಸು. ಮ್ಯುಟೇಶನ್ ಮಾಡಿದ ಮೇಲೆ ಆ ಸಂಖ್ಯೆ ಎಷ್ಟು ಪಟ್ಟು ಏರಿತು ಅನ್ನುವುದೇ ನಿಮ್ಮ ಅಳತೆಗೋಲು.

ಇಲ್ಲಿ ಒಂದು ಎಚ್ಚರಿಕೆ. ಬದುಕಿ ಉಳಿದವುಗಳಲ್ಲಿ ಇಷ್ಟು ಪಾಲು ನಿರೋಧಕ ಅಂತ ಮಾತ್ರ ಬರೆದರೆ ಸಾಲದು. ಮಿಲಿಲೀಟರ್‌ಗೆ ಒಟ್ಟು ಎಷ್ಟು ನಿರೋಧಕ ಕೋಶ ಇದ್ದವು ಅಂತಲೂ ಮೊದಲು ಮತ್ತು ಆಮೇಲೆ ಎಣಿಸಿ. ನೂರರಲ್ಲಿ ತೊಂಬತ್ತೊಂಬತ್ತು ಸತ್ತ ಮೇಲೂ ಆ ಒಟ್ಟು ಸಂಖ್ಯೆ ಏರಿದ್ದರೆ ಹೊಸ ಮ್ಯುಟೇಶನ್ ಹುಟ್ಟಿದೆ ಅಂತ ಧೈರ್ಯವಾಗಿ ಹೇಳಬಹುದು. ಬರೀ ಪಾಲು ಏರಿದ್ದರೆ, ಮೊದಲೇ ಇದ್ದ ನಿರೋಧಕ ಕೋಶಗಳು ಹೇಗೋ ಜಾಸ್ತಿ ಬದುಕಿರಬಹುದು.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಯುವಿಯಾ, ಇಎಂಎಸ್ಸಾ, ಎನ್‌ಟಿಜಿಯಾ? ನನ್ನ ಉತ್ತರ ಇಎಂಎಸ್. ಕಾರಣ ಮೂರು.

ಮೊದಲನೆಯದು ಜೀವಿಯ ಸ್ವಭಾವ. 254 ನ್ಯಾನೋಮೀಟರ್‌ನ ಯುವಿ ಬಿದ್ದಾಗ ಡಿಎನ್‌ಎಯಲ್ಲಿ ಅಕ್ಕಪಕ್ಕದ ಥೈಮಿನ್‌ಗಳು ಅಂಟಿಕೊಳ್ಳುತ್ತವೆ. ಆ ಅಂಟು ಗಾಯ ಅಷ್ಟೇ, ಮ್ಯುಟೇಶನ್ ಅಲ್ಲ. ಕೋಶ ಗಾಬರಿಯಲ್ಲಿ ಅದನ್ನು ದಾಟಿ ನಕಲು ಮಾಡುವಾಗ ತಪ್ಪು ಅಕ್ಷರ ಹಾಕಿದರೆ ಮಾತ್ರ ಮ್ಯುಟೇಶನ್. ಇ. ಕೋಲಿಯಲ್ಲಿ ಹೀಗೆ ತಪ್ಪು ಮಾಡುವ ರಿಪೇರಿ ವ್ಯವಸ್ಥೆ ಜೋರಾಗಿದೆ. ಅಸೆಟೊಬ್ಯುಟಿಲಿಕಂನಲ್ಲಿ ಅದು ದುರ್ಬಲ ಅಂತ 1980ರ ದಶಕದಲ್ಲೇ ಕಂಡುಕೊಂಡಿದ್ದರು. ಯುವಿ ಅದನ್ನು ಕೊಲ್ಲುತ್ತದೆ, ಆದರೆ ಮ್ಯುಟೆಂಟ್ ಕೊಡುವುದು ಕಡಿಮೆ. ಇಎಂಎಸ್ ಮತ್ತು ಎನ್‌ಟಿಜಿ ಮಾತ್ರ ಚೆನ್ನಾಗಿ ಕೆಲಸ ಮಾಡಿದವು. ಅವು ಗ್ವಾನಿನ್ ಮೇಲೆ ಒಂದು ಸಣ್ಣ ಗುಂಪನ್ನು ಕೂರಿಸುತ್ತವೆ. ಮುಂದಿನ ನಕಲಿನಲ್ಲಿ ಆ ಗ್ವಾನಿನ್ ಸೈಟೊಸಿನ್ ಬದಲು ಥೈಮಿನ್ ಜತೆ ಜೋಡಿಯಾಗುತ್ತದೆ. ರಿಪೇರಿಯವರ ತಪ್ಪಿಗಾಗಿ ಕಾಯಬೇಕಾಗಿಲ್ಲ.

ಎರಡನೆಯದು ಎನ್‌ಟಿಜಿಯ ತೊಡಕು. ಉಳಿದ ಆಮ್ಲಜನಕ ತೆಗೆಯಲು ನೀವು ಮೀಡಿಯಾಕ್ಕೆ (ಬ್ಯಾಕ್ಟೀರಿಯಾ ಬೆಳೆಸುವ ದ್ರವಕ್ಕೆ) ಲೀಟರ್‌ಗೆ ಅರ್ಧ ಗ್ರಾಂ ಸಿಸ್ಟೀನ್ ಹೈಡ್ರೋಕ್ಲೋರೈಡ್ ಹಾಕುತ್ತೀರಿ, ಅಲ್ವಾ? ಅದು ಸುಮಾರು 3 ಮಿಲಿಮೋಲಾರ್ (ದ್ರವದಲ್ಲಿ ಅಣುಗಳು ಎಷ್ಟಿವೆ ಅನ್ನುವ ಅಳತೆ). ಎನ್‌ಟಿಜಿಯನ್ನು ಮಿಲಿಲೀಟರ್‌ಗೆ 100 ಮೈಕ್ರೋಗ್ರಾಂ ಹಾಕಿದರೆ ಅದು 0.7 ಮಿಲಿಮೋಲಾರ್ ಕೂಡ ಆಗುವುದಿಲ್ಲ. ಎನ್‌ಟಿಜಿ ಸಿಸ್ಟೀನ್‌ನಂಥ ಗಂಧಕವಿರುವ ಥಯಾಲ್‌ಗಳ ಜತೆ ಬೇಗ ಪ್ರತಿಕ್ರಿಯಿಸಿ ಒಡೆಯುತ್ತದೆ. ಕೋಶದ ಒಳಗೆ ಹೋಗುವ ಮೊದಲೇ ಹೊರಗಿನ ಸಿಸ್ಟೀನ್ ಅದರಲ್ಲಿ ಬಹುಪಾಲನ್ನು ಮುಗಿಸಿಬಿಡಬಹುದು. ಅನೆರೋಬ್‌ಗಳಲ್ಲಿ ಎನ್‌ಟಿಜಿ ಒಂದು ದಿನ ಕೆಲಸ ಮಾಡಿ ಇನ್ನೊಂದು ದಿನ ಕೈಕೊಡುವುದಕ್ಕೆ ಇದು ಸಾಕು. ಅದನ್ನೇ ಬಳಸಬೇಕಾದರೆ ಸಿಸ್ಟೀನ್ ಬಿಟ್ಟು ಟೈಟೇನಿಯಂ ಸಿಟ್ರೇಟ್ ಹಾಕಿದ ಬಫರ್‌ಗೆ ಕೋಶಗಳನ್ನು ವರ್ಗಾಯಿಸಬೇಕು. ಇಎಂಎಸ್‌ನ ಕಥೆ ಬೇರೆ. ಶೇಕಡ 1 ಅಂದರೆ ಸುಮಾರು 97 ಮಿಲಿಮೋಲಾರ್. ಸಿಸ್ಟೀನ್‌ಗಿಂತ ಮೂವತ್ತು ಪಟ್ಟು ಜಾಸ್ತಿ. ಸಿಸ್ಟೀನ್ ಸ್ವಲ್ಪ ನುಂಗಿದರೂ ಡೋಸ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಇಎಂಎಸ್ ಕೆಲಸ ಪೂರ್ತಿ ಮುಚ್ಚಿದ ಬಾಟಲಿಯೊಳಗೆ ನಡೆಯುತ್ತದೆ. ಗಾಳಿ ಒಳಗೆ ಹೋಗುವುದಿಲ್ಲ, ವಿಷ ಹೊರಗೆ ಬರುವುದಿಲ್ಲ. ಯುವಿಗೆ ಆ ಸೌಕರ್ಯ ಇಲ್ಲ. ಮಾಮೂಲಿ ಗಾಜು, ಪ್ಲಾಸ್ಟಿಕ್ ಪ್ಲೇಟಿನ ಮುಚ್ಚಳ, ಯಾವುದರ ಮೂಲಕವೂ 254 ನ್ಯಾನೋಮೀಟರ್ ಹಾಯುವುದಿಲ್ಲ. ಒಂದೋ ಅನೆರೋಬಿಕ್ ಚೇಂಬರ್ ಒಳಗೇ ದೀಪ ಇರಬೇಕು, ಇಲ್ಲವೇ ಕ್ವಾರ್ಟ್ಜ್ ಟ್ಯೂಬ್ ಬೇಕು. ಮೀಡಿಯಾದಲ್ಲಿರುವ ಯೀಸ್ಟ್ ಎಕ್ಸ್‌ಟ್ರಾಕ್ಟ್ ಕೂಡ ಯುವಿಯನ್ನು ಹೀರಿಕೊಳ್ಳುತ್ತದೆ. ಮುಗಿದ ಮೇಲೆ ಟ್ಯೂಬ್‌ಲೈಟ್ ಹಚ್ಚಿದರೆ ಇನ್ನೊಂದು ನಷ್ಟ. ಹಲವು ಬ್ಯಾಕ್ಟೀರಿಯಾಗಳಲ್ಲಿ ಆ ಬೆಳಕಿನಿಂದಲೇ ನಡೆಯುವ ಒಂದು ಎಂಜೈಮ್ ಥೈಮಿನ್ ಅಂಟನ್ನು ಬಿಡಿಸಿಬಿಡುತ್ತದೆ. ಗಾಮಾ ಕಿರಣದ ಯೋಚನೆ ಬಂದರೆ ಒಂದು ವಿಷಯ ನೆನಪಿಡಿ. ಆಮ್ಲಜನಕ ಇಲ್ಲದಾಗ ಕೋಶ ಗಾಮಾವನ್ನು ಎರಡೂವರೆಯಿಂದ ಮೂರು ಪಟ್ಟು ಜಾಸ್ತಿ ತಡೆದುಕೊಳ್ಳುತ್ತದೆ. ಬೇರೆಯವರ ಡೋಸ್ ನಿಮ್ಮ ಮುಚ್ಚಿದ ಟ್ಯೂಬಿಗೆ ಹೊಂದುವುದಿಲ್ಲ.

ಸರಿ, ಬಾಟಲಿ ಕೆಲಸ ಹೇಗೆ? ದಪ್ಪ ಬ್ಯುಟೈಲ್ ರಬ್ಬರ್ ಬಿರಡೆ ಮತ್ತು ಅಲ್ಯೂಮಿನಿಯಂ ಕ್ರಿಂಪ್ ಇರುವ ಸೀರಂ ಬಾಟಲಿಗಳು ಬೇಕು. ಮೀಡಿಯಾಕ್ಕೆ ಆಮ್ಲಜನಕ ಇದೆಯಾ ಅಂತ ತೋರಿಸುವ ರೆಸಜುರಿನ್ ಬಣ್ಣ ಚಿಟಿಕೆ ಹಾಕಿ. ಕುದಿಸಿ, ಬಿಸಿ ಇರುವಾಗಲೇ ನೈಟ್ರೋಜನ್ ಹಾಯಿಸಿ ತಣಿಸಿ, ಸಿಸ್ಟೀನ್ ಹಾಕಿ. ಬಣ್ಣವನ್ನು ಕಣ್ಣಿಟ್ಟು ನೋಡಿ. ಮೊದಲು ನೀಲಿ, ಬಿಸಿಯಾಗುವಾಗ ಗುಲಾಬಿ, ಆಮ್ಲಜನಕ ಪೂರ್ತಿ ಹೋದಾಗ ಬಣ್ಣವೇ ಇಲ್ಲ. ಬಾಟಲಿಗೆ ತುಂಬಿ ಮುಚ್ಚಿ ಆಟೊಕ್ಲೇವ್ ಮಾಡಿ. ಆಮೇಲೆ ಯಾವ ಬಾಟಲಿಯಲ್ಲಾದರೂ ಮತ್ತೆ ಗುಲಾಬಿ ಛಾಯೆ ಕಂಡರೆ ಅದನ್ನು ಪಕ್ಕಕ್ಕಿಡಿ, ಅದರೊಳಗೆ ಗಾಳಿ ಹೋಗಿದೆ. ಸಿರಿಂಜ್ ಬಳಸುವಾಗ ಪ್ರತಿ ಸಲವೂ ಮೊದಲು ನೈಟ್ರೋಜನ್ ಎಳೆದು ಬಿಟ್ಟು, ಎಳೆದು ಬಿಟ್ಟು, ಒಳಗಿನ ಗಾಳಿ ತೆಗೆಯಿರಿ. ಸಣ್ಣ ಸೂಜಿಯಲ್ಲಿ ಉಳಿದ ಗಾಳಿಯೇ ಬಹಳ ಸಲ ಕೆಲಸ ಕೆಡಿಸುವುದು.

ಎಳೆಯ ಕಲ್ಚರ್ 10 ಮಿಲಿಲೀಟರ್ ಇರುವ ಬಾಟಲಿಗೆ 0.1 ಮಿಲಿಲೀಟರ್ ಇಎಂಎಸ್ ಹಾಕಿದರೆ ಶೇಕಡ 1 ಆಯಿತು. ಚೆನ್ನಾಗಿ ಅಲ್ಲಾಡಿಸಿ, 37 ಡಿಗ್ರಿಯಲ್ಲಿ ಇಡಿ. ಸೊನ್ನೆ, 15, 30, 60 ನಿಮಿಷಕ್ಕೆ 0.1 ಮಿಲಿಲೀಟರ್ ತೆಗೆದು, 10 ಮಿಲಿಲೀಟರ್ ಮೀಡಿಯಾ ಇರುವ ಬೇರೆ ಬಾಟಲಿಗೆ ಹಾಕಿ. ನೂರು ಪಟ್ಟು ತೆಳುವಾಯಿತು, ಇಎಂಎಸ್ ಕೆಲಸ ಅಲ್ಲಿಗೆ ಹೆಚ್ಚುಕಡಿಮೆ ನಿಂತಿತು. ಕೋಶಗಳನ್ನು ಸೆಂಟ್ರಿಫ್ಯೂಜ್ ಮಾಡಿ ತೊಳೆಯುವ ಗೊಡವೆ ಬೇಡ. ತೊಳೆಯುವಾಗಲೇ ಗಾಳಿ ನುಗ್ಗುವುದು. ಪಕ್ಕದಲ್ಲಿ ಇಎಂಎಸ್ ಹಾಕದ ಒಂದು ಬಾಟಲಿಗೂ ಇದೇ ಉಪಚಾರ ಪೂರ್ತಿ ಮಾಡಿ. ಶೇಕಡ 90ರಿಂದ 99 ಸಾಯುವ ಸಮಯವನ್ನು ಆರಿಸಿಕೊಳ್ಳಿ. ಅದಕ್ಕಿಂತ ಜಾಸ್ತಿ ಕೊಂದರೆ ಉಳಿದ ಕೋಶದಲ್ಲಿ ಬೇಕಾದ ಒಂದು ಬದಲಾವಣೆಯ ಜತೆ ಬೇಡದ ಹತ್ತು ಬದಲಾವಣೆ ಬರುತ್ತವೆ. ಅಂಥ ತಳಿ ನಿಧಾನ ಬೆಳೆಯುತ್ತದೆ, ಬೇಗ ಸೋಲುತ್ತದೆ. ನಾನಾದರೆ ಯಾವಾಗಲೂ ಕಡಿಮೆ ಡೋಸ್ ಕಡೆಗೇ ವಾಲುತ್ತೇನೆ.

ಆಮೇಲೆ ಕೂಡಲೇ ಆಯ್ಕೆಗೆ ಹಾಕಬೇಡಿ. ತಪ್ಪು ಅಕ್ಷರ ಡಿಎನ್‌ಎಯಲ್ಲಿ ಕೂರಲು ಒಂದೆರಡು ಸಲ ನಕಲಾಗಬೇಕು. ಹಳೆಯ ಪ್ರೋಟೀನ್ ಖಾಲಿಯಾಗಿ ಹೊಸದು ತುಂಬಲು ಇನ್ನೂ ಸ್ವಲ್ಪ ಸಮಯ ಬೇಕು. ಎರಡು ಮೂರು ತಲೆಮಾರು ಬೆಳೆಯಲು ಬಿಡಿ. ಒಂದೇ ಬಾಟಲಿಯಲ್ಲಿ ಬೇಡ, ಹತ್ತು ಸಣ್ಣ ಬಾಟಲಿಗಳಿಗೆ ಹಂಚಿ ಬೆಳೆಸಿ. ಒಂದೇ ಬಾಟಲಿಯಿಂದ ಬಂದ ಇಪ್ಪತ್ತು ಮ್ಯುಟೆಂಟ್‌ಗಳು ಒಂದೇ ತಾಯಿಯ ಮಕ್ಕಳಾಗಿರಬಹುದು. ಬೇರೆ ಬೇರೆ ಬಾಟಲಿಯಿಂದ ಒಂದೊಂದು ತೆಗೆದರೆ ಅವು ಬೇರೆ ಬೇರೆಯಾಗಿರುವ ಸಾಧ್ಯತೆ ಬಹಳ ಜಾಸ್ತಿ. ಲೂರಿಯಾ ಮತ್ತು ಡೆಲ್‌ಬ್ರುಕ್ 1943ರಲ್ಲಿ ಮಾಡಿದ ಪ್ರಸಿದ್ಧ ಪ್ರಯೋಗದ ಹಿಂದೆಯೂ ಇದೇ ತರ್ಕ ಇದೆ.

ಇನ್ನು ಆಯ್ಕೆ. ಪ್ರಾಜೆಕ್ಟ್ ಗೆಲ್ಲುವುದೂ ಸೋಲುವುದೂ ಇಲ್ಲಿ. ಒಳ್ಳೆಯ ಮ್ಯುಟೇಶನ್ ಆದಾಗಲೂ ಒಂದು ನಿರ್ದಿಷ್ಟ ಜೀನ್ ಕೆಟ್ಟ ಕೋಶ ಸಿಗುವುದು ಸಾವಿರಕ್ಕೋ ಹತ್ತು ಸಾವಿರಕ್ಕೋ ಒಂದು. ಬ್ಯುಟನಾಲ್ ಜಾಸ್ತಿ ಮಾಡುವಂಥದ್ದು ಅದಕ್ಕಿಂತಲೂ ಅಪರೂಪ. ಅಂಗಳದಲ್ಲಿ ಹರಡಿದ ಅಡಿಕೆಯಿಂದ ಕರಿಗೋಟು ಹೆಕ್ಕುವ ಹಾಗೆ ಒಂದೊಂದೇ ಕಾಲನಿ ನೋಡುತ್ತಾ ಕೂತರೆ ಎರಡು ವರ್ಷದ ಎಂಎಸ್ಸಿ ಸಾಲದು. ಬೇಡದವು ತಾವೇ ಸಾಯುವಂಥ ಏರ್ಪಾಡು ಬೇಕು.

ಅದಕ್ಕೆ ಒಳ್ಳೆಯ ಮಾದರಿ ಇದೆ. ಅಮೆರಿಕದ ಇಲಿನಾಯ್‌ನಲ್ಲಿ ಅನ್ನೂಸ್ ಮತ್ತು ಬ್ಲಾಶೆಕ್ ಅವರು 1991ರಲ್ಲಿ ಪ್ರಕಟಿಸಿದ ಕೆಲಸ. ಕ್ಲಾಸ್ಟ್ರಿಡಿಯಂ ಬೈಜೆರಿಂಕಿಗೆ ಎನ್‌ಟಿಜಿ ಕೊಟ್ಟು, 2-ಡಿಆಕ್ಸಿಗ್ಲೂಕೋಸ್ ಇರುವ ಮೀಡಿಯಾದಲ್ಲಿ ಆರಿಸಿದರು. ಅದು ಗ್ಲೂಕೋಸ್‌ನಂತೆ ಕಂಡರೂ ಕೋಶಕ್ಕೆ ದಕ್ಕದ ಸಕ್ಕರೆ. ಅದರ ನಡುವೆಯೂ ಬೆಳೆದ ಬಿಎ101 ಅನ್ನುವ ಮ್ಯುಟೆಂಟ್ ಪಿಷ್ಟವನ್ನು ಚೆನ್ನಾಗಿ ಒಡೆಯುತ್ತಿತ್ತು, ಬ್ಯುಟನಾಲನ್ನೂ ಮೂಲ ತಳಿಗಿಂತ ಎಷ್ಟೋ ಜಾಸ್ತಿ ಮಾಡುತ್ತಿತ್ತು. ಇವತ್ತಿಗೂ ಈ ಕ್ಷೇತ್ರದಲ್ಲಿ ಆ ತಳಿಯ ಹೆಸರು ಹೇಳದವರಿಲ್ಲ. ಅದಕ್ಕೆ ಜೀನ್ ಎಂಜಿನಿಯರಿಂಗ್ ಬೇಕಾಗಲಿಲ್ಲ. ಆಯ್ಕೆಯಲ್ಲಿ ಜಾಣತನ ಇತ್ತು ಅಷ್ಟೇ. ಅಲೈಲ್ ಆಲ್ಕೊಹಾಲ್ ಆಯ್ಕೆ ಅಂತ ನೀವು ಓದಿರಬಹುದು. ಅದು ನಿಮಗೆ ಬೇಡ, ಅದು ಉಳಿಸುವುದು ಬ್ಯುಟನಾಲ್ ಮಾಡಲಾಗದ ಮ್ಯುಟೆಂಟ್‌ಗಳನ್ನು.

ಬ್ಯುಟನಾಲ್ ಸಹಿಸುವ ಮ್ಯುಟೆಂಟ್ ಹುಡುಕುವುದಾದರೆ ಪ್ಲೇಟ್ ಬಳಸಬೇಡಿ. ಬ್ಯುಟನಾಲ್ ಆವಿಯಾಗುತ್ತದೆ, ಎರಡು ದಿನದ ಮೇಲೆ ಪ್ಲೇಟಿನಲ್ಲಿ ಎಷ್ಟು ಉಳಿದಿದೆ ಅಂತ ಯಾರೂ ಹೇಳಲಾರರು. ಮುಚ್ಚಿದ ಬಾಟಲಿಯ ದ್ರವದಲ್ಲೇ ಮಾಡಿ. ಸಾಮಾನ್ಯ ತಳಿಗಳು ಲೀಟರ್‌ಗೆ 12-13 ಗ್ರಾಂ ಬ್ಯುಟನಾಲ್ ಆಗುವಷ್ಟರಲ್ಲಿ ಕುಸಿಯುತ್ತವೆ. 6 ಗ್ರಾಂನಿಂದ ಶುರು ಮಾಡಿ, ಬೆಳೆದ ಬಾಟಲಿಯಿಂದ ಸ್ವಲ್ಪ ಜಾಸ್ತಿ ಇರುವ ಬಾಟಲಿಗೆ ದಾಟಿಸುತ್ತಾ ಹೋಗಿ. ಮೇಲೆ ಹೇಳಿದ ಇಳಿತದ ರೋಗ ಇಲ್ಲೂ ಕಾಡುತ್ತದೆ, ಹಾಗಾಗಿ ನಡುನಡುವೆ ಬೀಜಕ ಕಟ್ಟಿಸಿ, ಬಿಸಿ ಕೊಟ್ಟು ಎಬ್ಬಿಸಿ. ಬೀಜಕ ಕಟ್ಟಲಾಗದವು ಅಲ್ಲೇ ಕಳೆದುಹೋಗುತ್ತವೆ. ಇನ್ನೊಂದು ಮಾತು: ಜಾಸ್ತಿ ಸಹಿಸುವುದೆಲ್ಲ ಜಾಸ್ತಿ ಮಾಡುವುದಿಲ್ಲ. ಸಹಿಸಿದವುಗಳಲ್ಲಿ ಪ್ರತಿಯೊಂದನ್ನೂ ಗ್ಯಾಸ್ ಕ್ರೊಮಟೋಗ್ರಫಿಯಲ್ಲಿ ಅಳೆಯಲೇಬೇಕು. ವಾಸನೆ ನೋಡಿ ತೀರ್ಮಾನ ಬೇಡ.

ನಿಮ್ಮ ಕಚ್ಚಾವಸ್ತುವಿನ ಬಗ್ಗೆಯೂ ಹೇಳಬೇಕು. ಗೇರುಹಣ್ಣನ್ನು ಕಚ್ಚಿದಾಗ ಗಂಟಲು ಹಿಡಿಯುತ್ತದಲ್ಲ, ಅದು ಟ್ಯಾನಿನ್. ಅದು ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ, ಬ್ಯಾಕ್ಟೀರಿಯಾದ ಬೆಳವಣಿಗೆಯನ್ನೂ ತಡೆಯಬಲ್ಲದು. ನಿಮ್ಮ ತಳಿ ಕಡಿಮೆ ಬ್ಯುಟನಾಲ್ ಮಾಡುವುದಕ್ಕೆ ತಳಿಯೇ ಕಾರಣವೋ ಟ್ಯಾನಿನ್ನೋ ಅಂತ ಮೊದಲು ನೋಡಿ. ಒಂದು ಬಾಟಲಿಗೆ ಹಾಗೆಯೇ ರಸ, ಒಂದಕ್ಕೆ ಜೆಲಾಟಿನ್ ಹಾಕಿ ಟ್ಯಾನಿನ್ ಇಳಿಸಿದ ರಸ, ಒಂದಕ್ಕೆ ಅಷ್ಟೇ ಪ್ರಮಾಣದ ಶುದ್ಧ ಗ್ಲೂಕೋಸ್ ಮತ್ತು ಫ್ರಕ್ಟೋಸ್. ಟ್ಯಾನಿನ್ ತೆಗೆದ ಕೂಡಲೇ ಬ್ಯುಟನಾಲ್ ಏರಿದರೆ ನೀವು ಹುಡುಕಬೇಕಾದ ಮ್ಯುಟೆಂಟ್ ಬೇರೆಯೇ ಆಗುತ್ತದೆ. ಆಗ ಟ್ಯಾನಿನ್ ಇರುವ ರಸದಲ್ಲೇ ಆಯ್ಕೆ ನಡೆಸಿ. ಹಣ್ಣಿನ ಕಾಲ ಮುಗಿಯುವ ಮೊದಲು ರಸವನ್ನು ಫ್ರೀಜರ್‌ನಲ್ಲಿ ಕೂಡಿಡಿ. ಗುಡ್ಡೆಯ ತುಂಬ ಬಿದ್ದು ಕೊಳೆಯುವ ಹಣ್ಣಿಗೆ ಒಂದು ಬೆಲೆ ಬರಲಿ ಅನ್ನುವ ನಿಮ್ಮ ಯೋಚನೆ ನನಗೆ ತುಂಬ ಇಷ್ಟವಾಯಿತು.

ಜಾರ್ ಬಗ್ಗೆ ಒಂದು ಊರಿನ ಸಂಗತಿ. ಆಮ್ಲಜನಕ ತೆಗೆಯಲು ಹೈಡ್ರೋಜನ್ ಬರುವ ಗ್ಯಾಸ್‌ಪ್ಯಾಕ್ ಆದರೆ ಜಾರ್ ಮುಚ್ಚಳದಲ್ಲಿ ಪಲೇಡಿಯಂ ಕೆಟಲಿಸ್ಟ್ ಇರುತ್ತದೆ. ಅದು ತೇವಕ್ಕೆ ಸೋಲುತ್ತದೆ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪ್ರತಿ ಸಲ ಬಳಸಿದ ಮೇಲೆ ಕೆಟಲಿಸ್ಟನ್ನು 160 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ ಒಣಗಿಸಿ. ಅದಕ್ಕೆ ಇನ್ನೊಂದು ಶತ್ರು ಹೈಡ್ರೋಜನ್ ಸಲ್ಫೈಡ್. ಸಿಪ್ಪೆ ಕೊಳೆಹಾಕಿದ ಕೆಸರಿನ ಆ ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಉಪ್ಪುನೀರಿನ ಸಲ್ಫೇಟನ್ನು ಅಪಕರ್ಷಿಸುವ ಬ್ಯಾಕ್ಟೀರಿಯಾಗಳು ಅದನ್ನು ಮಾಡುತ್ತವೆ. ಕೆಸರಿನ ಮೊದಲ ಕಲ್ಚರ್‌ಗಳನ್ನು ಇಟ್ಟ ಜಾರ್‌ನ ಕೆಟಲಿಸ್ಟ್ ಕೆಟ್ಟಿರುವ ಸಾಧ್ಯತೆ ಇದೆ. ಜಾರ್ ಒಳಗೆ ರೆಸಜುರಿನ್ ಪಟ್ಟಿ ಇಡದೆ ಯಾವ ಪ್ರಯೋಗವನ್ನೂ ಮಾಡಬೇಡಿ. ಪ್ಲೇಟ್‌ಗಳನ್ನೂ ಬಳಸುವ ಒಂದು ದಿನ ಮೊದಲೇ ಜಾರ್‌ನಲ್ಲಿಟ್ಟು ಆಮ್ಲಜನಕ ತೆಗೆದಿರಬೇಕು.

ಕ್ರಿಸ್ಪರ್ ವಿಷಯ ಚುಟುಕಾಗಿ ಹೇಳುತ್ತೇನೆ. ಕ್ಲಾಸ್ಟ್ರಿಡಿಯಂನಲ್ಲಿ ಅದು ಆಗಿದೆ. 2007ರಲ್ಲಿ ನಾಟಿಂಗ್‌ಹ್ಯಾಂನವರು ತಂದ, ಜೀನ್ ಕೆಡಿಸುವ ಉಪಾಯವಾದ ಕ್ಲೋಸ್‌ಟ್ರಾನ್ ಅದಕ್ಕೂ ಹಿಂದಿನದು. ಆದರೆ ನಿಮ್ಮದು ಕೆಸರಿನಿಂದ ಬಂದ ಹೊಸ ತಳಿ. ಅದರೊಳಗೆ ಡಿಎನ್‌ಎ ನುಗ್ಗಿಸುವುದೇ ದೊಡ್ಡ ಸವಾಲು. ಎಟಿಸಿಸಿ 824 ತಳಿಯಲ್ಲಿ ಹೊರಗಿನ ಡಿಎನ್‌ಎಯನ್ನು ಕತ್ತರಿಸುವ ಒಂದು ಎಂಜೈಮ್ ಇದೆ. ಅದನ್ನು ತಪ್ಪಿಸಲು ಡಿಎನ್‌ಎಗೆ ಮೊದಲೇ ಮೀಥೈಲ್ ಗುರುತು ಹಾಕುವ ಉಪಾಯವನ್ನು 1993ರಲ್ಲಿ ಕಂಡುಕೊಂಡರು. ನಿಮ್ಮ ತಳಿಯ ಕತ್ತರಿ ಯಾವುದು ಅಂತ ಹುಡುಕುವುದೇ ಒಂದು ಪಿಎಚ್‌ಡಿ. ಹಸಿರು ಹೊಳೆಯುವ ಜಿಎಫ್‌ಪಿ ಕೂಡ ನಿಮಗೆ ನೆರವಾಗುವುದಿಲ್ಲ, ಅದು ಹೊಳೆಯಲು ಆಮ್ಲಜನಕ ಬೇಕು. ಬದಲಿಗೆ ಒಳ್ಳೆಯ ಮ್ಯುಟೆಂಟ್ ಸಿಕ್ಕಿದ ಮೇಲೆ ಅದನ್ನೂ ಮೂಲ ತಳಿಯನ್ನೂ ಪೂರ್ತಿ ಸೀಕ್ವೆನ್ಸ್ ಮಾಡಿಸಿ ಹೋಲಿಸಿ. ಯಾವ ಅಕ್ಷರ ಬದಲಾಯಿತು ಅಂತ ಅದರಲ್ಲೇ ತಿಳಿಯುತ್ತದೆ.

ಇಎಂಎಸ್ ಬಾಟಲಿ ತೆರೆಯುವ ಮೊದಲು ಎರಡು ಕೆಲಸ ಕಡ್ಡಾಯ. ಒಂದು, ನಿಮ್ಮ ತಳಿಯ 16ಎಸ್ ಸೀಕ್ವೆನ್ಸ್, ಅಂದರೆ ಜಾತಿ ಗುರುತಿಸುವ ಜೀನ್ ಓದಿಸುವುದು. ಮಣ್ಣು ಮತ್ತು ಕೆಸರಿನಲ್ಲಿ ಧನುರ್ವಾಯು ತರುವ ಟೆಟಾನಿ, ವಿಷ ಕಕ್ಕುವ ಬೊಟುಲಿನಂ, ಪರ್ಫ್ರಿಂಜೆನ್ಸ್ ಎಲ್ಲ ಇರುತ್ತವೆ. ಬಿಸಿಗೆ ಅವೂ ಉಳಿಯುತ್ತವೆ. ಗುರುತು ಸಿಗದ ಕ್ಲಾಸ್ಟ್ರಿಡಿಯಂಗೆ ಮ್ಯುಟೇಶನ್ ಮಾಡುವುದನ್ನು ನಾನು ಒಪ್ಪುವುದಿಲ್ಲ. ಸಂಶಯ ಉಳಿದರೆ ಆ ತಳಿ ಬಿಟ್ಟು, ಸೂಕ್ಷ್ಮಜೀವಿ ತಳಿಗಳ ಸಂಗ್ರಹಗಳಾದ ಚಂಡೀಗಢದ ಎಂಟಿಸಿಸಿ ಅಥವಾ ಪುಣೆಯ ಎನ್‌ಸಿಐಎಂನಿಂದ ಹೆಸರಿರುವ ತಳಿ ತರಿಸಿಕೊಳ್ಳಿ. ಎರಡು, ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ.

ಇಎಂಎಸ್ ಮನುಷ್ಯರಿಗೂ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿದೆ. ಎನ್‌ಟಿಜಿ ಇನ್ನೂ ಮೇಲಿನ ದರ್ಜೆಯಲ್ಲಿದೆ. ಇಎಂಎಸ್ ಆವಿಯಾಗುತ್ತದೆ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಕೆಲಸ ಫ್ಯೂಮ್ ಹುಡ್‌ನಲ್ಲೇ ಆಗಬೇಕು. ಲ್ಯಾಮಿನಾರ್‌ನಲ್ಲಿ ಮಾತ್ರ ಎಂದೂ ಬೇಡ, ಅದು ಗಾಳಿಯನ್ನು ನಿಮ್ಮ ಮುಖಕ್ಕೇ ಊದುತ್ತದೆ. ನೈಟ್ರೈಲ್ ಕೈಗವಸು ಎರಡು ಪದರ ಹಾಕಿ, ಹನಿ ಬಿದ್ದರೆ ಕೂಡಲೇ ಬದಲಾಯಿಸಿ. ಒಬ್ಬರೇ ಇರುವಾಗ, ರಾತ್ರಿ ಹೊತ್ತು, ಈ ಕೆಲಸ ಮಾಡಬೇಡಿ. ಉಳಿದ ದ್ರವ, ಸಿರಿಂಜ್, ಟಿಪ್ ಎಲ್ಲವನ್ನೂ ಶೇಕಡ 10ರ ಸೋಡಿಯಂ ಥಯೋಸಲ್ಫೇಟ್‌ನಲ್ಲಿ ಹುಡ್ ಒಳಗೇ ಒಂದು ದಿನ ಪೂರ್ತಿ ಮುಳುಗಿಸಿಡಿ. ಆಮೇಲೆ ಸಂಸ್ಥೆಯ ರಾಸಾಯನಿಕ ತ್ಯಾಜ್ಯಕ್ಕೆ ಕೊಡಿ. ಇಎಂಎಸ್ ಇನ್ನೂ ಇರುವ ಬಾಟಲಿಯನ್ನು ಆಟೊಕ್ಲೇವ್‌ಗೆ ಹಾಕಬಾರದು, ಆವಿ ಕೋಣೆ ತುಂಬುತ್ತದೆ. ರಿಫಾಂಪಿಸಿನ್ ಪ್ಲೇಟ್‌ಗಳನ್ನು ಮಾತ್ರ ತಪ್ಪದೆ ಆಟೊಕ್ಲೇವ್ ಮಾಡಿ, ಆ ನಿರೋಧಕ ಕಾಲನಿಗಳು ಸಿಂಕಿಗೆ ಹೋಗಬಾರದು. ಅವು ಅಳತೆಗೆ ಮಾತ್ರ, ಬ್ಯುಟನಾಲ್ ಪ್ರಯೋಗಕ್ಕೆ ಅವನ್ನು ಬಳಸಬೇಡಿ. ಆರ್‌ಎನ್‌ಎ ಪಾಲಿಮರೇಸ್ ಬದಲಾದ ಕೋಶದಲ್ಲಿ ಬೇರೆ ಎಷ್ಟೋ ಜೀನ್‌ಗಳ ನಡೆಯೂ ಬದಲಾಗಿರುತ್ತದೆ.